ಶಿಷ್ಯನಿಗೆ ತಕ್ಕ ಯೋಗ

ಆಸನಗಳನ್ನು ಕಂಡು ಬೆರಗಾಗುವ ನಾವು ಅವುಗಳ ಬೋಧನಕ್ರಮವನ್ನು ವಿಚಾರಿಸುವುದು ವಿರಳ. ಚಿತ್ರದುರ್ಗದ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೆ ಕೃಷ್ಣಮಾಚಾರ್ಯರು, ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಬೋಧಿಸಿದರು. 1934ರಲ್ಲಿ ಅವರ ‘ಯೋಗಮಕರಂದ’ವು ಕನ್ನಡದಲ್ಲಿಯೇ ಪ್ರಕಟವಾಯಿತು. ಚುರುಕಾದ ಬಾಲಕರಿಗೆ ಅವರು ಉಸಿರಿನೊಡನೆ ಹೆಣೆದ ಶ್ರಮಸಾಧ್ಯವಾದ ಆಸನಮಾಲೆಯನ್ನು ಕಲಿಸಿದರು. ಮುಂದೆ ಮದರಾಸಿನಲ್ಲಿ ರೋಗಿಗಳಿಗೂ ವೃದ್ಧರಿಗೂ ಒಬ್ಬೊಬ್ಬರ ಶಕ್ತಿಯನ್ನರಿತು ಬೇರೆಬೇರೆಯಾಗಿ ಹೇಳಿಕೊಟ್ಟರು. ಒಬ್ಬನೇ ಗುರುವಿನಿಂದ ಕಲಿತ ಪಟ್ಟಾಭಿ ಜೋಯಿಸರ ಪದ್ಧತಿಯೂ ಬಿ.ಕೆ.ಎಸ್. ಅಯ್ಯಂಗಾರ್ಯರ ಪದ್ಧತಿಯೂ ಭಿನ್ನವಾಗಿರುವುದನ್ನು ನೋಡಿದರೆ ಇದು ಇನ್ನಷ್ಟು ಮನದಟ್ಟಾಗುವುದು. ಆಸನವು ದೇಹಕ್ಕೆ ಹೊಂದಬೇಕಲ್ಲದೆ, ದೇಹವನ್ನು ಆಸನಕ್ಕೆ ಬಲಿಗೊಡಬಾರದು. ಆದುದರಿಂದ ಚಿತ್ರವನ್ನು ನೋಡಿ ಮೈಯನ್ನು ಬಲಾತ್ಕಾರದಿಂದ ಬಗ್ಗಿಸಹೊರಡುವುದು ಅಪಾಯಕರ. ಉಸಿರು ಸಮವಾಗಿ ನಡೆಯುವಷ್ಟೇ ಅಭ್ಯಾಸವು ಹಿತಕರ. ಅದು ಎಲ್ಲಿ ಎಡವುವುದೋ ಅಲ್ಲಿ ನಿಲ್ಲತಕ್ಕದ್ದು.