ಹಿಮವಾಹನದ ಬೇರಿಂಗುಗಳು: ಪೋಷಣೆ ಮತ್ತು ಬದಲಾವಣೆ

ಯಾವುದೇ ವಾಹನದ ಸಾಮರ್ಥ್ಯವನ್ನು ಕುರಿತು ಮಾತನಾಡುವಾಗ ನಾವು ಎಂಜಿನನ್ನು ಹೊಗಳುತ್ತೇವೆ. ಆ ಎಂಜಿನಿನ ಶಕ್ತಿಯನ್ನು ಸಾಗಿಸುವ ದಂಡಗಳನ್ನು ಹೊತ್ತು ನಿಂತಿರುವ ಬೇರಿಂಗನ್ನು ಮಾತ್ರ ಮರೆಯುತ್ತೇವೆ. ಈ ಮರೆವಿನ ಬೆಲೆ ಎಷ್ಟೆಂಬುದನ್ನು ಹಿಮಪ್ರದೇಶದ ಜನರು ಚೆನ್ನಾಗಿ ಬಲ್ಲರು.

ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೂರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ ಎಂಬ ಯಂತ್ರಕುಶಲಿಗಳಿದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗುವಿಗೆ ಹೊಟ್ಟೆಯೊಳಗೆ ತೀವ್ರವಾದ ಸೋಂಕು ಉಂಟಾಯಿತು. ದಾರಿಗಳೆಲ್ಲ ಹಿಮದಲ್ಲಿ ಹೂತುಹೋಗಿದ್ದುದರಿಂದ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ವಾಹನಕ್ಕಾಗಿ ಅದಕ್ಕೆ ಮೊದಲೇ ಶ್ರಮಿಸುತ್ತಿದ್ದ ಅವರು 1937ರಲ್ಲಿ, ಹಲ್ಲುಚಕ್ರದಿಂದ ಚಲಿಸುವ ಪಟ್ಟಿಯ ರಚನೆಗೆ ಪೇಟೆಂಟ್ ಪಡೆದರು. 1959ರಲ್ಲಿ ಅವರ ‘ಸ್ಕೀ-ಡೂ’ ಎಂಬ ಹಗುರವಾದ ಹಿಮವಾಹನ ಮಾರುಕಟ್ಟೆಗೆ ಬಂದಿತು. ನಾಯಿಗಳು ಎಳೆಯುವ ಜಾರುಬಂಡಿಯನ್ನು ನಂಬಿದ್ದ ಉತ್ತರದ ಇನೂಯಿಟ್ ಬೇಟೆಗಾರರು 1960ರ ದಶಕದಿಂದ ಈ ವಾಹನವನ್ನು ಅವಲಂಬಿಸತೊಡಗಿದರು. ಊರಿನಿಂದ ಹತ್ತಾರು ಮೈಲಿ ದೂರದಲ್ಲಿ, ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಅದು ನಿಂತುಹೋದರೆ ಸವಾರನ ಪ್ರಾಣಕ್ಕೇ ಸಂಚಕಾರ.

ಬಹುತೇಕ ಹಿಮವಾಹನಗಳಲ್ಲಿ ಎಂಜಿನಿನ ಶಕ್ತಿಯು ಮೊದಲು ಕ್ಲಚ್ ಹಾಗೂ ಬೆಲ್ಟಿನ ಮೂಲಕ ಒಂದು ಅಡ್ಡದಂಡಕ್ಕೆ ಬರುತ್ತದೆ. ಅಲ್ಲಿಂದ ಚೈನಿನ ಮೂಲಕ ಚಾಲಕದಂಡಕ್ಕೆ ಇಳಿದು, ಹಲ್ಲುಚಕ್ರಗಳಿಂದ ರಬ್ಬರ್ ಪಟ್ಟಿಯನ್ನು ತಿರುಗಿಸುತ್ತದೆ. ಈ ಎರಡು ದಂಡಗಳ ತುದಿಗಳಲ್ಲಿಯೂ, ಪಟ್ಟಿಯೊಳಗೆ ಉರುಳುವ ಚಿಕ್ಕ ಗಾಲಿಗಳಲ್ಲಿಯೂ ಬೇರಿಂಗುಗಳಿವೆ. ಒಳಬಳೆ, ಹೊರಬಳೆ, ಇವೆರಡರ ನಡುವೆ ಉರುಳುವ ಉಕ್ಕಿನ ಗುಂಡುಗಳು: ಇಷ್ಟೇ ಅದರ ರಚನೆ.

ಚೈನಿನ ಪೆಟ್ಟಿಗೆಯ ಬದಿಯಲ್ಲಿರುವ ಬೇರಿಂಗಿಗೆ ಸಾಮಾನ್ಯವಾಗಿ ಪೆಟ್ಟಿಗೆಯ ಎಣ್ಣೆಯೇ ದೊರೆಯುತ್ತದೆ. ಚಾಲಕದಂಡದ ಇನ್ನೊಂದು ತುದಿಯ ಬೇರಿಂಗಿಗೆ ಆ ಭಾಗ್ಯವಿಲ್ಲ. ಪಟ್ಟಿಯು ಎರಚುವ ಹಿಮವೂ ನೀರೂ ಅದರ ಮೇಲೆಯೇ ಬೀಳುತ್ತವೆ. ಸೀಲು ಸವೆದರೆ ನೀರು ಒಳಹೊಕ್ಕು ಗ್ರೀಸನ್ನು ಕೆಡಿಸುತ್ತದೆ. ಬೇಸಗೆಯಲ್ಲಿ ವಾಹನ ಸುಮ್ಮನೆ ನಿಂತಿರುವಾಗ ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ರಭಸದ ನೀರಿನಿಂದ ತೊಳೆಯುವುದೂ, ಪಟ್ಟಿಯನ್ನು ಅತಿಯಾಗಿ ಬಿಗಿಯುವುದೂ ಬೇರಿಂಗಿನ ಆಯುಷ್ಯವನ್ನು ಕುಂದಿಸುತ್ತವೆ.

ಕೆಡುವ ಬೇರಿಂಗು ಮುನ್ಸೂಚನೆ ಕೊಡದೆ ಇರುವುದು ವಿರಳ. ಎಂಜಿನನ್ನು ನಿಲ್ಲಿಸಿ, ಬೆಲ್ಟನ್ನು ತೆಗೆದು, ವಾಹನದ ಹಿಂಭಾಗವನ್ನು ಎತ್ತಿ ಭದ್ರವಾಗಿ ನಿಲ್ಲಿಸಿ, ಪಟ್ಟಿಯನ್ನು ಕೈಯಿಂದ ತಿರುಗಿಸಬೇಕು. ಗರಗರ ಸದ್ದು ಕೇಳಿದರೆ, ದಂಡವನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದಾಗ ಸಡಿಲ ಕಂಡರೆ, ಸೀಲಿನ ಸುತ್ತ ಕೆಂಪು ತುಕ್ಕಿನ ಕಲೆ ಇದ್ದರೆ ಆ ಬೇರಿಂಗನ್ನು ಬದಲಿಸತಕ್ಕದ್ದು. ಈ ಪರೀಕ್ಷೆಯನ್ನು ಚಳಿಗಾಲ ಮುಗಿದೊಡನೆ ಮಾಡುವುದು ಲೇಸು.

ಬದಲಿಸುವಾಗ ಚೈನಿನ ಪೆಟ್ಟಿಗೆಯ ಎಣ್ಣೆಯನ್ನು ಬಸಿದು, ಚೈನನ್ನೂ ಹಲ್ಲುಚಕ್ರಗಳನ್ನೂ ತೆಗೆದು, ಹಿಂಬದಿಯ ಸಸ್ಪೆನ್ಷನ್ ಕಳಚಿದ ಮೇಲೆ ಚಾಲಕದಂಡ ಹೊರಬರುತ್ತದೆ. ಹಳೆಯ ಬೇರಿಂಗನ್ನು ಪುಲ್ಲರಿನಿಂದ ಎಳೆಯಬೇಕು. ಹೊಸದನ್ನು ಕೂರಿಸುವಾಗ ಒಂದು ನಿಯಮವನ್ನು ಎಂದೂ ಮೀರಬಾರದು. ದಂಡದ ಮೇಲೆ ಬಿಗಿಯಾಗಿ ಕೂರಿಸುವಾಗ ಒಳಬಳೆಯನ್ನೇ ಒತ್ತಬೇಕು. ಗೂಡಿನೊಳಗೆ ಕೂರಿಸುವಾಗ ಹೊರಬಳೆಯನ್ನೇ ಒತ್ತಬೇಕು. ಇದಕ್ಕೆ ವಿರುದ್ಧವಾಗಿ ಬಡಿದರೆ ಪೆಟ್ಟು ಗುಂಡುಗಳ ಮೂಲಕ ಹಾಯ್ದು ಬಳೆಗಳಲ್ಲಿ ಕುಳಿ ಬೀಳುತ್ತದೆ. ಹೊಸ ಬೇರಿಂಗು ಕೂರಿಸಿದ ದಿನವೇ ಹಳೆಯದಾಗುತ್ತದೆ. ಬೇರಿಂಗನ್ನು ಸ್ವಲ್ಪ ಬಿಸಿಮಾಡಿದರೆ ಅದು ಹಿಗ್ಗಿ ಸುಲಭವಾಗಿ ಕೂರುತ್ತದೆ. ಆದರೆ ಸೀಲುಳ್ಳ ಬೇರಿಂಗಿಗೆ 80 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಸಲ್ಲದು. ಕೊನೆಯಲ್ಲಿ ಹೊಸ ಎಣ್ಣೆ ತುಂಬಿ, ಚೈನಿನ ಮತ್ತು ಪಟ್ಟಿಯ ಬಿಗಿಯನ್ನು ಸರಿಪಡಿಸಿ, ಮತ್ತೊಮ್ಮೆ ಕೈಯಿಂದ ತಿರುಗಿಸಿ ನೋಡಬೇಕು.

ಬೇರಿಂಗುಗಳ ಅಳತೆಗೆ ಜಗತ್ತಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಕ್ರಮವೊಂದಿದೆ. ಹಿಮವಾಹನಗಳಲ್ಲಿ ಹೇರಳವಾಗಿ ಕಾಣುವ 6205 ಎಂಬ ಸಂಖ್ಯೆಯ ಕೊನೆಯ ಎರಡು ಅಂಕೆಗಳನ್ನು ಐದರಿಂದ ಗುಣಿಸಿದರೆ ರಂಧ್ರದ ಅಳತೆ 25 ಮಿಲಿಮೀಟರ್ ಎಂದು ತಿಳಿಯುತ್ತದೆ. ಹೊರವ್ಯಾಸ 52, ಅಗಲ 15 ಮಿಲಿಮೀಟರ್. ನಮ್ಮ ಹಳ್ಳಿಗಳ ಅನೇಕ ವಿದ್ಯುತ್ ಮೋಟಾರುಗಳಲ್ಲಿಯೂ ಇದೇ ಸಂಖ್ಯೆಯ ಬೇರಿಂಗು ತಿರುಗುತ್ತಿದೆ. ಹಿಮವನ್ನೇ ಕಾಣದ ನಮ್ಮ ವಿದ್ಯಾರ್ಥಿಯೂ ಊರಿನ ಮೋಟಾರನ್ನು ಬಿಚ್ಚಿ ಈ ವಿದ್ಯೆಯನ್ನು ಕಲಿಯಬಹುದು.

ಅಂಗೈಯಗಲದ ಈ ಉಕ್ಕಿನ ಬಳೆ ದೊರೆಯುವುದು ಅಲ್ಪ ಬೆಲೆಗೆ. ಅದು ಒಡೆದರೆ ಹಾಳಾಗುವ ದಂಡ, ಗೂಡು, ಪಟ್ಟಿಗಳ ಬೆಲೆ ಅದರ ಹಲವು ಪಟ್ಟು. ನಿರ್ಜನವಾದ ಹಿಮದ ಬಯಲಿನಲ್ಲಿ ಒಬ್ಬಂಟಿಯಾಗಿ ನಿಂತವನ ಪ್ರಾಣಕ್ಕಂತೂ ಬೆಲೆ ಕಟ್ಟಲಾಗದು. ಸದ್ದನ್ನು ಸಕಾಲದಲ್ಲಿ ಕೇಳಿಸಿಕೊಳ್ಳುವ ಕಿವಿಯೇ ಯಂತ್ರಪಾಲಕನ ಮೊದಲ ಉಪಕರಣ.