ಉಬ್ಬರದ ಹೊತ್ತು ವಾಶಿಯ ಅಂಗೈಯಲ್ಲಿ!

ನವಿ ಮುಂಬಯಿಯ ವಾಶಿಯಲ್ಲಿರುವ ಮಿನಿ ಸೀಶೋರ್‌ಗೆ ಸಂಜೆ ಗಾಳಿ ಕುಡಿಯಲು ಬರುವವರಲ್ಲಿ ಎಷ್ಟು ಮಂದಿಗೆ ಗೊತ್ತು, ಕಣ್ಣೆದುರಿನ ಆ ನೀರು ಬರೀ ಚೆಂದಕ್ಕಿರುವುದಲ್ಲ, ಇಡೀ ಬಡಾವಣೆಯನ್ನು ಮುಳುಗದಂತೆ ಕಾಯುತ್ತಿದೆ ಎಂದು!

1970ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ, ಕಡಲ ತೋಳಾದ ಥಾಣೆ ಖಾಡಿಯ ಅಂಚಿನ ತಗ್ಗು ನೆಲದಲ್ಲಿ ನಗರ ಕಟ್ಟಲು ಹೊರಟಿತು. ದೊಡ್ಡ ಉಬ್ಬರ ಬಂದರೆ ಕಡಲಿನ ಮಟ್ಟವೇ ನೆಲಕ್ಕಿಂತ ಮೇಲೆ. ಮತ್ತೆ ಮಳೆನೀರು ಹೋಗುವುದೆಲ್ಲಿಗೆ? ಡಚ್ಚರ ವಿದ್ಯೆ ಕೈಹಿಡಿಯಿತು. ಮಳೆನೀರಿನ ಕಾಲುವೆಗಳ ಕೊನೆಗೆ ಹೋಲ್ಡಿಂಗ್ ಪಾಂಡ್, ಅದರ ಬಾಯಿಗೆ ಫ್ಲ್ಯಾಪ್ ಗೇಟು. ಮಿನಿ ಸೀಶೋರ್‌ನ ನೀರೂ ಅಂಥ ಕೊಳವೇ. ಕಡಲು ಏರಿದಾಗ ಅದರ ಒತ್ತಡಕ್ಕೇ ಗೇಟು ಮುಚ್ಚುತ್ತದೆ, ಊರಿನ ಮಳೆನೀರು ಕೊಳದಲ್ಲಿ ಕಾಯುತ್ತದೆ. ಕಡಲು ಇಳಿದಾಗ ಒಳಗಿನ ನೀರೇ ಗೇಟನ್ನು ನೂಕಿ ಖಾಡಿಗೆ ಓಡುತ್ತದೆ. ಚಂದ್ರನೇ ನಡೆಸುವ ಕಾವಲು!

ಆದರೆ ಕೊಳಗಳಲ್ಲಿ ಹೂಳು ತುಂಬಿದೆ, ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದಿದೆ. ಕಾಂಡ್ಲಾ ಕಡಿಯಲು ಹೈಕೋರ್ಟಿನ ಅನುಮತಿ ಬೇಕು. ಕೊಳ ಹಿಡಿಯುವ ನೀರು ಕುಗ್ಗಿದೆ. ಹಾಗಾಗಿ ವಾಶಿಯಲ್ಲಿ ಎಷ್ಟು ಮಳೆ ಎನ್ನುವುದಕ್ಕಿಂತ ಯಾವ ಹೊತ್ತಿನ ಮಳೆ ಎನ್ನುವುದೇ ಮುಖ್ಯ. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ನಾಲ್ಕೂವರೆ ಮೀಟರ್ ದಾಟುವ ಉಬ್ಬರಕ್ಕೆ ಸರಿಯಾಗಿ ಜಡಿಮಳೆ ಹಿಡಿದರೆ, ನೀರಿಗೆ ಉಳಿಯುವುದು ರಸ್ತೆಯೊಂದೇ.

ಉಬ್ಬರದ ವೇಳೆಯನ್ನು ಮೊದಲೇ ಲೆಕ್ಕ ಹಾಕಿಡಬಹುದು. ಸಿಗದೆ ಕಾಡಿದ್ದು ಮಳೆಯ ಸುಳಿವು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಯೊಳಗೆ 944 ಮಿ.ಮೀ. ಸುರಿದಾಗ, ಮುಂದಿನ ರಸ್ತೆಯಲ್ಲಿ ಏನಾಗಿದೆ ಎಂಬುದೂ ತಿಳಿಯದೆ ಲಕ್ಷಾಂತರ ಜನ ಸೊಂಟಮಟ್ಟದ ನೀರಲ್ಲಿ ನಡೆದರು.

ಈಗ ನೋಡಿ! ವಾಶಿಯ ಜನ ದಿನಾ ಸೇತುವೆ ದಾಟಿ ದುಡಿಯಲು ಹೋಗುವ ಮುಂಬಯಿಗೆ 2020ರಲ್ಲಿ ಐಫ್ಲೋಸ್ ಎಂಬ ನೆರೆ ಮುನ್ಸೂಚನೆ ವ್ಯವಸ್ಥೆ ಬಂತು. ಐಐಟಿ ಬಾಂಬೆಯಲ್ಲಿ ಪ್ರೊ. ಸುಬಿಮಲ್ ಘೋಷ್ ಅವರ ತಂಡ ರೂಪಿಸಿದ 'ಮುಂಬೈ ಫ್ಲಡ್' ಆ್ಯಪ್ ಬಡಾವಣೆ ಮಟ್ಟದ ಮಳೆಯನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ಮೊದಲೇ ಹೇಳಲು ಯತ್ನಿಸುತ್ತದೆ. ಅದಕ್ಕಿಂತ ಬೆರಗಿನ ಮಾತೆಂದರೆ, ತಮ್ಮ ಬೀದಿಯಲ್ಲಿ ನೀರು ಎಷ್ಟಿದೆ ಎಂದು ಜನಸಾಮಾನ್ಯರೂ ಅದಕ್ಕೆ ತಿಳಿಸಬಹುದು. ಸಂವೇದಕ ಇಲ್ಲದ ಗಲ್ಲಿಗೆ ಅಲ್ಲಿನ ಅಂಗಡಿಯವರೇ ಸಂವೇದಕ!

ತಾವೇ ಸಂವೇದಕವಾಗುವ ಆ ಬುದ್ಧಿ ನಮ್ಮ ಲೋಕಲ್ ರೈಲಿನ ಪ್ರಯಾಣಿಕರಿಗೆ ಎಂದೋ ಬಂದಿದೆ. ಕುರ್ಲಾದಲ್ಲೋ ಚುನಾಭಟ್ಟಿಯಲ್ಲೋ ಹಳಿ ಮುಳುಗಿದರೆ ವಾಶಿಗೆ ಬರುವ ಹಾರ್ಬರ್ ಲೈನಿನ ಉಸಿರು ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಎಂ-ಇಂಡಿಕೇಟರ್ ಆ್ಯಪ್‌ನ ಚಾಟ್ ತೆರೆಯಿರಿ: ಗಾಡಿ ಎಲ್ಲಿ ನಿಂತಿದೆ, ಯಾವುದು ಬಿಟ್ಟಿತು, ಎಲ್ಲ ಒಳಗೆ ಕೂತವರ ಬಾಯಿಂದಲೇ. 2019ರ ಜುಲೈನಲ್ಲಿ ಬದ್ಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಾವಿರ ಜನರೊಂದಿಗೆ ನೀರಲ್ಲಿ ಸಿಕ್ಕಿಕೊಂಡಾಗಲೂ, ಒಳಗಿನವರ ಮೊಬೈಲ್ ವಿಡಿಯೋಗಳು ಊರೆಲ್ಲ ಹರಿದಾಡಿದವು. ಎಲ್ಲರೂ ಬದುಕಿ ಬಂದರು.

ಬೆಂಗಳೂರಿಗೂ ಮಳೆ, ನೆರೆಯ ಸುಳಿವು ಕೊಡುವ ಮೇಘ ಸಂದೇಶ ಆ್ಯಪ್ ಇದೆ. ಆದರೆ ಅಲ್ಲಿ ಕಡಲಿಲ್ಲ. ಮಳೆಯನ್ನೂ ಚಂದ್ರನನ್ನೂ ಒಟ್ಟಿಗೆ ಲೆಕ್ಕ ಹಾಕಬೇಕಾದ ಹೊರೆ ವಾಶಿಯದು. ಅದನ್ನು ಅಡುಗೆಮನೆಯಲ್ಲಿ ನಿಂತೇ ಮಾಡಬಹುದಾದ ಕಾಲ ಬಂದಿರುವುದು ನನಗೆ ಪವಾಡವಾಗಿಯೇ ಕಾಣುತ್ತದೆ.

ಈ ಮಳೆಗಾಲದಲ್ಲಿ ಮನೆ ಬಿಡುವ ಮುನ್ನ ಉಬ್ಬರದ ವೇಳೆ ನೋಡಿ. ನೀರಿನ ಚಿತ್ರ ಕಳಿಸುವಾಗ ಸ್ಥಳ, ಹೊತ್ತು ಎರಡನ್ನೂ ಬರೆಯಿರಿ. ನೀರು ಇಳಿದ ಮೇಲೆ ಅದನ್ನೂ ತಿಳಿಸಿ. ಆ ಸುದ್ದಿಗಾಗಿ ಯಾರೋ ಸ್ಟೇಷನ್ನಿನಲ್ಲಿ ಕಾದಿರುತ್ತಾರೆ.