ಮುಂಗುಸಿಯ ಮದ್ದು ಬೇರಿನಲ್ಲಿಲ್ಲ

ಹಾವಿನೊಡನೆ ಕಾದಾಡುವ ಮುಂಗುಸಿ ನಡುವೆ ಪೊದೆಗೆ ಓಡಿ ಯಾವುದೋ ಬೇರು ಕಚ್ಚಿ ಬರುತ್ತದೆ, ಅದರಿಂದಲೇ ಅದಕ್ಕೆ ನಂಜೇರುವುದಿಲ್ಲ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಹಾವು ಕಡಿದವರಿಗೆ ಈಶ್ವರಿ ಬೇರು ಅರೆದು ಕುಡಿಸುವವರೂ ಇದ್ದಾರೆ. ಮುಂಗುಸಿಗೆ ನಾಗರಹಾವಿನ ನಂಜು ಅಷ್ಟಾಗಿ ತಟ್ಟದು ಎಂಬುದು ನಿಜ. ಆದರೆ ಅದರ ಮದ್ದು ಮೈಯೊಳಗೇ ಇದೆ, ಹುಟ್ಟಿನಿಂದ ಬಂದದ್ದು.

ನಾಗರಹಾವಿನ ವಿಷದ ದೊಡ್ಡ ಪೆಟ್ಟು ಬೀಳುವುದು ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ. ಕೈ ಎತ್ತಲು, ಉಸಿರೆಳೆಯಲು ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಮೇಲಿನ ಗ್ರಾಹಕಗಳಿಗೆ ಕೂಡಬೇಕು, ಬೀಗಕ್ಕೆ ಕೀಲಿ ಕೂಡಿದಂತೆ. ವಿಷದಲ್ಲಿರುವ ಆಲ್ಫಾ ನ್ಯೂರೋಟಾಕ್ಸಿನ್ ಅದೇ ಕಿಂಡಿಯಲ್ಲಿ ಮೊದಲೇ ಹೊಕ್ಕು ಕೂತುಬಿಡುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ.

ಮುಂಗುಸಿಯಲ್ಲಿ ಈ ಕಿಂಡಿಯೇ ಬೇರೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಾರಾ ಫುಕ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಗ್ರಾಹಕದ ಕೆಲವೇ ಅಮೈನೋ ಆಮ್ಲಗಳು ಬದಲಾಗಿವೆ. ಒಂದೆಡೆ ಸಕ್ಕರೆ ಅಣುಗಳ ಸರಪಣಿ ಅಂಟಿಕೊಂಡಿದೆ. ವಿಷದ ಅಣು ದೊಡ್ಡದು, ಅದಕ್ಕೆ ಒಳಗೆ ಜಾಗವಿಲ್ಲ; ಅಸಿಟೈಲ್‌ಕೋಲಿನ್ ಪುಟ್ಟದು, ಸರಾಗವಾಗಿ ನುಸುಳುತ್ತದೆ. ಸೋಜಿಗವೆಂದರೆ ನಾಗರಹಾವಿನ ಗ್ರಾಹಕದಲ್ಲೂ ಇಂಥದೇ ಸಕ್ಕರೆಯ ತಡೆ ಇದೆ. ತನ್ನ ವಿಷದಿಂದ ತಾನು ಸಾಯದಂತೆ ಹಾವು ಕಂಡುಕೊಂಡ ಉಪಾಯವನ್ನೇ ಅದರ ವೈರಿಯೂ ಕಂಡುಕೊಂಡಿದೆ!

ಹಾವಿನ ನಂಜನ್ನು ತಡೆದುಕೊಳ್ಳುವ ಇನ್ನೊಂದು ಪ್ರಾಣಿ ತರಕರಡಿ; ಅದರ ದಾರಿ ಬೇರೆ. ಕಾವೇರಿ ವನ್ಯಜೀವಿಧಾಮದಲ್ಲೂ ಕಾಣಸಿಕ್ಕಿರುವ ಈ ಪ್ರಾಣಿಯ ಗ್ರಾಹಕದಲ್ಲಿ ಧನ ವಿದ್ಯುದಂಶವುಳ್ಳ ಆರ್ಜಿನೈನ್ ಎಂಬ ಅಮೈನೋ ಆಮ್ಲ ಬಂದು ಕೂತಿದೆ. ವಿಷದ ಅಣುವಿನದೂ ಧನ ವಿದ್ಯುದಂಶವೇ, ಹಾಗಾಗಿ ಎರಡೂ ಒಂದನ್ನೊಂದು ದೂಡುತ್ತವೆ. ಹಂದಿ ಮತ್ತು ಹೆಡ್ಜ್‌ಹಾಗ್‌ಗಳಲ್ಲೂ ಇದೇ ಬದಲಾವಣೆ ಬೇರೆ ಬೇರೆಯಾಗಿಯೇ ಮೂಡಿದೆ ಎಂದು 2015ರ ಅಧ್ಯಯನವೊಂದು ತಿಳಿಸಿತು.

ಹಾಗೆಂದು ಮುಂಗುಸಿ ಅಮರವಲ್ಲ. ವಿಷ ಹೆಚ್ಚಾದರೆ ಅದೂ ಸಾಯುತ್ತದೆ. ಕಾಳಗದಲ್ಲಿ ಅದನ್ನು ಕಾಯುವುದು ಮುಖ್ಯವಾಗಿ ಚುರುಕುತನ ಮತ್ತು ನಿಮಿರಿ ನಿಂತ ಒರಟು ಕೂದಲು. ಮುಂಗುಸಿಯಿದ್ದಲ್ಲಿ ಹಾವಿರದು ಎಂದು ನಂಬಿ ಜಪಾನ್ ದೊಡ್ಡ ಬೆಲೆ ತೆತ್ತಿತು. ಅಮಾಮಿ ಓಶಿಮಾ ದ್ವೀಪದ ವಿಷಕಾರಿ ಹಬು ಹಾವುಗಳನ್ನು ಹತ್ತಿಕ್ಕಲು 1979ರಲ್ಲಿ ಅಲ್ಲಿ ಸುಮಾರು 30 ಮುಂಗುಸಿಗಳನ್ನು ಬಿಡಲಾಯಿತು. ಹಬು ಇರುಳಲ್ಲಿ ಓಡಾಡುವ ಹಾವು, ಮುಂಗುಸಿಗೆ ಬೇಟೆ ಹಗಲಿನಲ್ಲಿ. ಎರಡೂ ಎದುರಾಗುವುದೇ ಅಪರೂಪವಾಗಿ, ಮುಂಗುಸಿಗಳು ಆ ದ್ವೀಪದ ಅಪರೂಪದ ಅಮಾಮಿ ಮೊಲಗಳ ಮೇಲೆ ಬಿದ್ದವು. ಸಂತತಿ ಸಾವಿರಗಟ್ಟಲೆ ಬೆಳೆಯಿತು. ಅವುಗಳನ್ನು ಪೂರ್ತಿ ನಿರ್ಮೂಲ ಮಾಡಿದ್ದೇವೆ ಎಂದು ಜಪಾನ್ ಸರ್ಕಾರ ಘೋಷಿಸಲು 2024ರ ಸೆಪ್ಟೆಂಬರ್ ಬರಬೇಕಾಯಿತು.

ಮನುಷ್ಯನ ಗ್ರಾಹಕಕ್ಕೆ ಇಷ್ಟು ಬಲವಾದ ತಡೆಯಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತರೆಂಬ ಅಂದಾಜಿದೆ. ಕುದುರೆಗಳಿಗೆ ವಿಷವನ್ನು ಸ್ವಲ್ಪಸ್ವಲ್ಪವೇ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ತಯಾರಿಸುವ ಪ್ರತಿವಿಷವೇ ಇಂದಿಗೂ ನಮಗಿರುವ ಮದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯೊಡನೆ ಸೇರಿ, ಹಲವು ಹಾವುಗಳ ನ್ಯೂರೋಟಾಕ್ಸಿನ್ ತಡೆಯುವ ಕೃತಕ ಪ್ರತಿಕಾಯವೊಂದನ್ನು 2024ರಲ್ಲಿ ರೂಪಿಸಿದ್ದಾರೆ. ಇಲಿಗಳಲ್ಲಿ ಅದು ಫಲ ಕೊಟ್ಟಿದೆ, ಮನುಷ್ಯರಿಗೆ ಇನ್ನೂ ದಕ್ಕಿಲ್ಲ.

ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯ ಮಾಡಿತು. ಆದರೂ ಬೇರು ಹುಡುಕುತ್ತಾ, ನಾಟಿ ಮದ್ದು ಹಚ್ಚುತ್ತಾ ಕಳೆಯುವ ಹೊತ್ತಿನಲ್ಲೇ ಎಷ್ಟೋ ಜೀವಗಳು ಹೋಗುತ್ತಿವೆ. ಹಾವು ಕಡಿದರೆ ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಬೇಡಿ. ಕಡಿದ ಕೈಕಾಲು ಅಲುಗದಂತೆ ನೋಡಿಕೊಂಡು, ಪ್ರತಿವಿಷವಿರುವ ಹತ್ತಿರದ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ.